ಖಗ್ರಾಸ ಸೂರ್ಯಗ್ರಹಣವೂ ಹೀಲಿಯಂ ಎಂಬ ಧಾತುವೂ

ಆಕಾಶ ಸಂಶೋಧನೆಯ ಮಾತು ಬಂದೊಡನೆ ನಮ್ಮ ಮನಸ್ಸು ದೂರದ ಊರುಗಳ ಕಡೆಗೆ ಹೋಗುತ್ತದೆ. ಶ್ರೀಹರಿಕೋಟೆಯ ಸಮುದ್ರತೀರ, ಬೆಂಗಳೂರಿನ ಕಾರ್ಯಾಗಾರಗಳು, ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ, ಇವು ಒಂದೊಂದಾಗಿ ನೆನಪಿಗೆ ಬರುತ್ತವೆ. ನಿಪ್ಪಾಣಿಯ ಹೊಗೆಸೊಪ್ಪಿನ ಹೊಲಗಳಿಗೂ, ರಾಯಬಾಗ ಕಾಗವಾಡಗಳ ಕಬ್ಬಿನ ಗದ್ದೆಗಳಿಗೂ, ಅಥಣಿ ಚಿಕ್ಕೋಡಿಗಳ ಕರಿಯ ನೆಲಕ್ಕೂ ಈ ವಿಷಯದಲ್ಲಿ ಯಾವ ಸಂಬಂಧವೂ ಇರಲಾರದೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಸಂಬಂಧವುಂಟು, ಅದು ನೂರೈವತ್ತು ವರ್ಷಗಳಿಗೂ ಹಿಂದಿನದು. 1868ನೆಯ ಇಸವಿ ಆಗಸ್ಟ್ 18ನೆಯ ತಾರೀಖು, ವಿಭವ ಸಂವತ್ಸರದ ಶ್ರಾವಣ ಅಮಾವಾಸ್ಯೆಯ ಬೆಳಿಗ್ಗೆ, ಚಂದ್ರನ ನೆರಳು ಈ ಸೀಮೆಯ ಮೇಲೆ ಹಾದುಹೋಯಿತು. ಆ ನೆರಳಿನೊಳಗೆ ನಿಂತು ನೋಡಿದವರ ಕಣ್ಣಿಗೆ, ಅದುವರೆಗೆ ಭೂಮಿಯ ಮೇಲೆ ಯಾರೂ ಅರಿಯದಿದ್ದ ಒಂದು ಧಾತುವಿನ ಬೆಳಕು ಬಿದ್ದಿತು. ಅದನ್ನು ಕಂಡ ಒಂದು ಬಿಡಾರವು ಅಥಣಿಯಿಂದ ಕೃಷ್ಣೆಯನ್ನು ದಾಟಿದರೆ ಸಿಗುವ ಜಮಖಂಡಿಯಲ್ಲಿತ್ತು. ಆ ಧಾತುವಿನ ಕಥೆಯನ್ನೂ, ಅಂದಿನಿಂದ ಇಂದಿನ ಆದಿತ್ಯ ನೌಕೆಯ ಪರ್ಯಂತ ಅದು ಬೆಳೆದುಬಂದ ಬಗೆಯನ್ನೂ ಈ ಭಾಷಣದಲ್ಲಿ ವಿವರಿಸಲು ಯತ್ನಿಸುತ್ತೇವೆ.

ಮೊದಲು ಗ್ರಹಣದ ಮಾತು. ಸೂರ್ಯನ ವ್ಯಾಸವು ಚಂದ್ರನ ವ್ಯಾಸಕ್ಕಿಂತ ಸುಮಾರು ನಾನೂರು ಪಟ್ಟು ದೊಡ್ಡದು. ಅದೃಷ್ಟವಶಾತ್ ಸೂರ್ಯನಿರುವ ದೂರವೂ ಚಂದ್ರನಿರುವ ದೂರಕ್ಕಿಂತ ಸುಮಾರು ನಾನೂರು ಪಟ್ಟು ಹೆಚ್ಚು. ಆದುದರಿಂದ ನಮ್ಮ ಕಣ್ಣಿಗೆ ಎರಡೂ ಒಂದೇ ಅಳತೆಯ ಬಿಂಬಗಳಾಗಿ ತೋರುತ್ತವೆ. ಅಮಾವಾಸ್ಯೆಯ ದಿವಸ ಚಂದ್ರನು ನೇರವಾಗಿ ಸೂರ್ಯನಿಗೆ ಅಡ್ಡ ಬಂದರೆ ಬಿಂಬವು ಪೂರ್ಣವಾಗಿ ಮುಚ್ಚಿಹೋಗುತ್ತದೆ. ಇದೇ ಖಗ್ರಾಸ ಗ್ರಹಣ. ಆದರೆ ಚಂದ್ರನ ಗಾಢವಾದ ನೆರಳು ಭೂಮಿಯ ಮೇಲೆ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ಓಡುತ್ತದೆ. ಆ ಪಟ್ಟಿಯ ಹೊರಗಿರುವವರಿಗೆ ಸೂರ್ಯನ ಒಂದು ಅಂಚು ಉಳಿದೇ ಇರುತ್ತದೆ. ಅಷ್ಟು ಉಳಿದರೂ ಸಾಕು, ನಾವು ಮುಂದೆ ಹೇಳುವ ನೋಟಗಳಲ್ಲಿ ಒಂದೂ ಕಾಣದು.

1868ರ ಗ್ರಹಣವು ಸಾಮಾನ್ಯದ್ದಲ್ಲ. ನೆರಳಿನ ಪಟ್ಟಿಯ ಅಗಲ ಇನ್ನೂರು ಕಿಲೋಮೀಟರಿಗೂ ಮಿಗಿಲಾಗಿತ್ತು. ಏಡನ್ನಿನ ಕಡೆಯಿಂದ ಬಂದ ನೆರಳು ಅರಬ್ಬೀ ಸಮುದ್ರವನ್ನು ದಾಟಿ, ಕೊಂಕಣದ ತೀರವನ್ನು ಮುಟ್ಟಿ, ಘಟ್ಟವನ್ನೇರಿ, ಚಿಕ್ಕೋಡಿ ಸೀಮೆಯ ಮೇಲೆ ಹಾದು, ಬಿಜಾಪುರ, ಗುಂಟೂರು, ಮಚಲೀಪಟ್ಟಣಗಳ ಮಾರ್ಗವಾಗಿ ಬಂಗಾಳ ಕೊಲ್ಲಿಗೆ ಇಳಿದು, ಸಿಯಾಮ್ ದೇಶದ ಕಡೆಗೆ ಹೋಯಿತು. ಅತಿ ದೀರ್ಘವಾಗಿ ಕಂಡ ಸ್ಥಳದಲ್ಲಿ ಕತ್ತಲೆಯು ಆರು ನಿಮಿಷ ನಲವತ್ತೇಳು ಸೆಕೆಂಡುಗಳ ಕಾಲ ನಿಂತಿತ್ತು. ನಮ್ಮ ಕಡೆ ಸುಮಾರು ಐದು ನಿಮಿಷ. ಐದು ನಿಮಿಷವೆಂದರೆ ಹೆಚ್ಚೇನು ಎಂದು ಕೇಳಬಹುದು. ಎಷ್ಟೋ ಖಗ್ರಾಸಗಳು ಎರಡು ಮೂರು ನಿಮಿಷಗಳಲ್ಲಿ ಮುಗಿದುಹೋಗುತ್ತವೆ. ಐದು ನಿಮಿಷಗಳ ಕತ್ತಲೆಗಾಗಿ ವಿದ್ವಾಂಸರು ಒಂದು ವರ್ಷಕ್ಕೂ ಮೊದಲೇ ಸಿದ್ಧತೆ ಮಾಡಿ, ಸಮುದ್ರ ದಾಟಿ ಯಂತ್ರಗಳನ್ನು ತಂದುದರಲ್ಲಿ ಆಶ್ಚರ್ಯವಿಲ್ಲ.

ಅವರು ತಿಳಿಯಬಯಸಿದ್ದೇನು? ಸೂರ್ಯಬಿಂಬವು ಪೂರ್ಣವಾಗಿ ಮುಚ್ಚಿದಾಗ ಚಂದ್ರನ ಕಪ್ಪು ತಟ್ಟೆಯ ಸುತ್ತಲೂ ಮುತ್ತಿನ ಬಣ್ಣದ ಒಂದು ಪ್ರಭಾವಲಯ ಕಾಣುತ್ತದೆ. ಅದರ ಬುಡದಲ್ಲಿ ಅಲ್ಲಲ್ಲಿ ಕೆಂಪು ಜ್ವಾಲೆಗಳು ನಾಲಗೆ ಚಾಚಿದಂತೆ ತೋರುತ್ತವೆ. 1860ರ ಗ್ರಹಣದಲ್ಲಿ ಸ್ಪೇನ್ ದೇಶದಲ್ಲಿ ತೆಗೆದ ಛಾಯಾಚಿತ್ರಗಳಿಂದ, ಈ ಜ್ವಾಲೆಗಳು ಚಂದ್ರನಿಗೆ ಸೇರಿದುವಲ್ಲ, ಸೂರ್ಯನಿಗೇ ಸೇರಿದುವೆಂದು ನಿಶ್ಚಯವಾಗಿತ್ತು. ಆದರೆ ಅವು ಯಾವ ವಸ್ತುವಿನಿಂದಾದುವು? ಅನಿಲವೋ, ಸುಡುವ ಮೋಡವೋ, ಮತ್ತೇನೋ? ಈ ಪ್ರಶ್ನೆಗೆ ಉತ್ತರ ಇರಲಿಲ್ಲ. 1835ರಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕೋಮ್ಟ್ ಎಂಬಾತನು, ನಕ್ಷತ್ರಗಳ ದೂರವನ್ನೂ ಚಲನೆಯನ್ನೂ ನಾವು ಅಳೆಯಬಹುದು, ಆದರೆ ಅವು ಯಾವ ದ್ರವ್ಯದಿಂದಾದುವೆಂಬುದನ್ನು ಎಂದಿಗೂ ತಿಳಿಯಲಾರೆವು ಎಂಬ ಅಭಿಪ್ರಾಯವನ್ನು ಬರೆದಿಟ್ಟಿದ್ದನು. ಕೈಗೆ ಸಿಗದ ವಸ್ತುವನ್ನು ಪರೀಕ್ಷಿಸುವುದೆಂತು? ಮಾತು ಯುಕ್ತವಾಗಿಯೇ ತೋರುತ್ತಿತ್ತು. ಆದರೆ ಇಪ್ಪತ್ತೈದು ವರ್ಷ ತುಂಬುವಷ್ಟರಲ್ಲಿ ಅದು ಸುಳ್ಳಾಯಿತು.

ಸುಳ್ಳಾದ ಬಗೆಯನ್ನು ತಿಳಿಯಲು ಅಡಿಗೆಮನೆಗೆ ಹೋದರೆ ಸಾಕು. ಒಲೆಯ ಮೇಲಿನ ಸಾರು ಉಕ್ಕಿ ಉರಿಯ ಮೇಲೆ ಬಿದ್ದಾಗ, ಉರಿಯು ಕ್ಷಣಕಾಲ ಉಜ್ವಲವಾದ ಹಳದಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಆ ಹಳದಿಯು ಸಾರಿನಲ್ಲಿರುವ ಉಪ್ಪಿನದು. ಉಪ್ಪಿನಲ್ಲಿರುವ ಸೋಡಿಯಂ ಎಂಬ ಧಾತುವಿನದು. ಹಿಂದೆ ಊರಿನ ಬೀದಿಗಳಲ್ಲಿ ಉರಿಯುತ್ತಿದ್ದ ಹಳದಿ ದೀಪಗಳೂ ಅದೇ ಸೋಡಿಯಂ ದೀಪಗಳು. ಈ ಬೆಳಕನ್ನು ಒಂದು ಮುಮ್ಮೂಲೆಯ ಗಾಜಿನ ಮೂಲಕ ಹಾಯಿಸಿದರೆ ಕಾಮನಬಿಲ್ಲಿನ ಏಳು ಬಣ್ಣಗಳು ಬರುವುದಿಲ್ಲ. ಹಳದಿಯ ಸ್ಥಾನದಲ್ಲಿ ಒಂದಕ್ಕೊಂದು ಅಂಟಿದಂತಿರುವ ಎರಡು ಗೆರೆಗಳು ಮಾತ್ರ ಕಾಣುತ್ತವೆ. ಜಲಜನಕವನ್ನು ಕಾಯಿಸಿ ನೋಡಿದರೆ ಬೇರೆ ಗೆರೆಗಳು: ಕೆಂಪಿನಲ್ಲಿ ಒಂದು, ನೀಲಿಯಲ್ಲಿ ಒಂದು, ಹೀಗೆ. ಒಂದು ಧಾತುವಿನ ಗೆರೆಗಳು ಮತ್ತೊಂದರ ಗೆರೆಗಳಂತಿರುವುದಿಲ್ಲ. ಮನುಷ್ಯನಿಗೆ ಹೆಬ್ಬೆರಳಿನ ಗುರುತು ಹೇಗೋ ಧಾತುವಿಗೆ ಈ ಗೆರೆಗಳು ಹಾಗೆ. ಹೀಗೆ ಬಿಡಿಸಿದ ಬೆಳಕಿಗೆ ವರ್ಣಪಟಲವೆಂದೂ, ಬಿಡಿಸಿ ನೋಡುವ ಯಂತ್ರಕ್ಕೆ ವರ್ಣಪಟಲದರ್ಶಕವೆಂದೂ ಹೆಸರು. ಈಗಿನ ಪಠ್ಯಪುಸ್ತಕಗಳಲ್ಲಿ ಇದನ್ನೇ ರೋಹಿತವೆನ್ನುತ್ತಾರೆ.

1814ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಎಂಬ ಗಾಜಿನ ಕೆಲಸದ ಪ್ರವೀಣನು ಸೂರ್ಯನ ವರ್ಣಪಟಲವನ್ನು ಸೂಕ್ಷ್ಮವಾಗಿ ನೋಡಿ, ಅದರಲ್ಲಿ ನೂರಾರು ಕಪ್ಪು ಗೆರೆಗಳನ್ನು ಕಂಡು, ಮುಖ್ಯವಾದುವುಗಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರಿಟ್ಟನು. ಹಳದಿಯಲ್ಲಿರುವ ಜೋಡಿ ಗೆರೆಗೆ ಡಿ ಎಂದು ಹೆಸರಾಯಿತು. 1859ರಲ್ಲಿ ಕಿರ್ಕಾಫ್, ಬುನ್ಸೆನ್ ಎಂಬ ಇಬ್ಬರು ವಿದ್ವಾಂಸರು ಆ ಕಪ್ಪು ಗೆರೆಗಳ ರಹಸ್ಯವನ್ನು ಬಿಡಿಸಿದರು. ಕಾದ ಅನಿಲವು ತಾನಾಗಿ ಬೆಳಗುವಾಗ ಯಾವ ಗೆರೆಗಳನ್ನು ಹೊರಸೂಸುತ್ತದೆಯೋ, ತನ್ನ ಹಿಂದಿನಿಂದ ಹೆಚ್ಚು ಬಿಸಿಯಾದ ಬೆಳಕು ಬಂದಾಗ ಅವೇ ಗೆರೆಗಳನ್ನು ನುಂಗಿಬಿಡುತ್ತದೆ. ಸೂರ್ಯನ ಡಿ ಗೆರೆಯು ಸೋಡಿಯಂ ನುಂಗಿದ ಬೆಳಕಿನ ಗುರುತು. ಅಂದರೆ ನಮ್ಮ ಅಡಿಗೆಯ ಉಪ್ಪಿನಲ್ಲಿರುವ ಧಾತುವೇ ಹದಿನೈದು ಕೋಟಿ ಕಿಲೋಮೀಟರು ದೂರದ ಸೂರ್ಯನಲ್ಲಿಯೂ ಇದೆ. ಕೋಮ್ಟನು ಅಸಾಧ್ಯವೆಂದುದು ಸಾಧ್ಯವಾಯಿತು. ಬೆಳಕೇ ತಾನು ಹೊರಟುಬಂದ ಸ್ಥಳದ ಸುದ್ದಿಯನ್ನು ಹೊತ್ತು ತರುತ್ತದೆ.

ಈ ಹೊಸ ಉಪಕರಣವನ್ನು ಗ್ರಹಣಕಾಲದ ಕೆಂಪು ಜ್ವಾಲೆಗಳ ಕಡೆಗೆ ತಿರುಗಿಸಲು ಒದಗಿದ ಮೊದಲ ಉತ್ತಮ ಅವಕಾಶವೇ 1868ರ ಗ್ರಹಣ. ಲಂಡನ್ನಿನ ರಾಯಲ್ ಸೊಸೈಟಿಯು ಯಂತ್ರಗಳನ್ನು ಒದಗಿಸಿತು. ಅವುಗಳೊಡನೆ ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಗೆ ಬಂದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಈತನು ಭಾರತದ ಮಹಾ ಭೂಮಾಪನ ಕಾರ್ಯದಲ್ಲಿದ್ದ ಎಂಜಿನಿಯರು. ಇವನ ತಂದೆ ಸರ್ ಜಾನ್ ಹರ್ಷೆಲ್ ಪ್ರಸಿದ್ಧನಾದ ಖಗೋಳಜ್ಞ. ತಾತನಾದ ವಿಲಿಯಂ ಹರ್ಷೆಲ್ 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದವನು. ಮೂರು ತಲೆಮಾರುಗಳ ಆಕಾಶವಿದ್ಯೆ ಹೀಗೆ ಕೃಷ್ಣಾತೀರದ ಒಂದು ಸಣ್ಣ ರಾಜಧಾನಿಗೆ ಬಂದು ಇಳಿದಿತ್ತು.

ಶ್ರಾವಣವೆಂದರೆ ಮಳೆಗಾಲ. ಮೋಡಗಳು ಸೂರ್ಯನನ್ನು ಪದೇ ಪದೇ ಮರೆಮಾಡುತ್ತಿದ್ದುವು. ದೂರದೇಶದಿಂದ ತಂದ ಯಂತ್ರ, ತಿಂಗಳುಗಟ್ಟಲೆಯ ಅಭ್ಯಾಸ, ಎಲ್ಲವೂ ಆ ಐದು ನಿಮಿಷಗಳಲ್ಲಿ ಒಂದು ಮೋಡದ ದಯೆಗೆ ಬಿದ್ದುವು. ಕತ್ತಲೆಯ ಮಧ್ಯದಲ್ಲಿ ಮೋಡ ಸರಿದು ಒಂದು ಜ್ವಾಲೆ ಸ್ಪಷ್ಟವಾಗಿ ಗೋಚರಿಸಿತು. ಹರ್ಷೆಲನು ಯಂತ್ರದ ಸೀಳನ್ನು ಅದರ ಮೇಲೆ ತಂದನು. ಅಖಂಡವಾದ ಬಣ್ಣಗಳ ಪಟ್ಟಿ ಕಾಣಲಿಲ್ಲ. ಕಪ್ಪು ಹಿನ್ನೆಲೆಯ ಮೇಲೆ ಮೂರು ಉಜ್ವಲ ಗೆರೆಗಳು ಕಂಡುವು. ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ಬಹುಕಾಲದ ಪ್ರಶ್ನೆಗೆ ಅಲ್ಲಿಯೇ ಉತ್ತರ ದೊರೆಯಿತು: ಜ್ವಾಲೆಗಳು ಕಾದು ಬೆಳಗುವ ಅನಿಲ. ಬಿಜಾಪುರದಲ್ಲಿದ್ದ ಕ್ಯಾಪ್ಟನ್ ಹೇಗ್ ಎಂಬವನು ಕೈಯಲ್ಲಿ ಹಿಡಿಯುವ ಚಿಕ್ಕ ಉಪಕರಣದಿಂದಲೇ ಗುಲಾಬಿ ಮತ್ತು ಹೊಂಬಣ್ಣದ ಎರಡು ಪಟ್ಟೆಗಳನ್ನು ಕಂಡನು. ಮಚಲೀಪಟ್ಟಣದಲ್ಲಿ ಮದರಾಸು ವೇಧಶಾಲೆಯ ಪಾಗ್ಸನ್, ಗುಂಟೂರಿನಲ್ಲಿ ಮೇಜರ್ ಟೆನಂಟ್ ಮತ್ತು ಫ್ರಾನ್ಸಿನ ಜಾನ್ಸೆನ್, ಇವರಿಗೂ ಉಜ್ವಲ ಗೆರೆಗಳು ಗೋಚರವಾದುವು.

ಕೆಂಪು ಮತ್ತು ನೀಲಿ ಗೆರೆಗಳು ಜಲಜನಕದವೆಂಬುದರಲ್ಲಿ ಸಂದೇಹವಿರಲಿಲ್ಲ. ನಡುವಿನ ಕಿತ್ತಳೆ ಗೆರೆ ಯಾವುದು? ಹರ್ಷೆಲನು ಅದರ ಸ್ಥಾನವನ್ನು ಅಳೆದು, ತನ್ನ ಯಂತ್ರದ ಶಕ್ತಿಗೆ ನಿಲುಕುವಮಟ್ಟಿಗೆ ಅದು ಡಿ ಗೆರೆಯೇ, ಅಂದರೆ ಸೋಡಿಯಮ್ಮಿನದೇ, ಎಂದು ವರದಿ ಮಾಡಿದನು. ಯಂತ್ರದ ಶಕ್ತಿಗೆ ನಿಲುಕುವಮಟ್ಟಿಗೆ ಎಂಬ ಈ ಮಾತನ್ನು ಕೇಳುವವರು ಲಕ್ಷ್ಯದಲ್ಲಿಡಬೇಕು. ಪ್ರಾಮಾಣಿಕನಾದ ವಿಜ್ಞಾನಿಯು ತಾನು ಕಂಡುದರ ಜೊತೆಗೆ ತನ್ನ ಕಾಣ್ಕೆಯ ಎಲ್ಲೆಯನ್ನೂ ಬರೆದಿಡುತ್ತಾನೆ. ಈಗ ನಮಗೆ ತಿಳಿದಿರುವಂತೆ ಆ ಗೆರೆ ಸೋಡಿಯಮ್ಮಿನದಲ್ಲ. ಸೋಡಿಯಂ ಬೆಳಕಿನ ತರಂಗದೂರವನ್ನು ಒಂದು ಮಿಲಿಮೀಟರಿನ ಹತ್ತು ಲಕ್ಷ ಭಾಗಗಳ ಲೆಕ್ಕದಲ್ಲಿ ಹೇಳಿದರೆ 589.0 ಮತ್ತು 589.6. ಹೊಸ ಗೆರೆಯದು 587.6. ವ್ಯತ್ಯಾಸವು ನಾನೂರರಲ್ಲಿ ಒಂದು ಪಾಲಿಗಿಂತ ಅಷ್ಟೇನೂ ಹೆಚ್ಚಲ್ಲ. ಓಡುವ ಮೋಡಗಳ ನಡುವೆ, ಕೆಲವು ಕ್ಷಣಗಳ ಅವಧಿಯಲ್ಲಿ ಅದನ್ನು ಬೇರ್ಪಡಿಸಿ ಹೇಳುವುದು ಸುಲಭವಲ್ಲ.

ಮುಂದಿನ ಹೆಜ್ಜೆ ಗುಂಟೂರಿನಲ್ಲಿ ಆಯಿತು. ಗೆರೆಗಳು ಇಷ್ಟು ಉಜ್ವಲವಾಗಿರುವುದರಿಂದ ಗ್ರಹಣವಿಲ್ಲದೆಯೂ ಕಾಣಬೇಕೆಂದು ಜಾನ್ಸೆನ್ ಊಹಿಸಿ, ಮಾರನೆಯ ದಿನವೇ ಹಗಲು ಬೆಳಕಿನಲ್ಲಿ ಸೂರ್ಯನ ಅಂಚಿಗೆ ಯಂತ್ರವನ್ನು ಹಿಡಿದು ಅವುಗಳನ್ನು ಕಂಡನು. ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕಿಯರ್ ಎಂಬವನೂ ಇದೇ ಉಪಾಯವನ್ನು ಸ್ವತಂತ್ರವಾಗಿ ಯೋಚಿಸಿ, ಅದೇ ವರ್ಷದ ಅಕ್ಟೋಬರ್ 20ರಂದು ಲಂಡನ್ನಿನಿಂದ ಗೆರೆಗಳನ್ನು ಕಂಡನು. ಇಬ್ಬರ ಪತ್ರಗಳೂ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಒಂದೇ ದಿನ ಬಂದು ಸೇರಿದುವು. ಫ್ರಾನ್ಸಿನ ಸರಕಾರವು ಇಬ್ಬರ ಮುಖಗಳನ್ನೂ ಒಂದೇ ಪದಕದ ಮೇಲೆ ಅಚ್ಚೊತ್ತಿಸಿ ಗೌರವಿಸಿತು. ಗ್ರಹಣಕ್ಕಾಗಿ ಕಾಯಬೇಕಾಗಿಲ್ಲವಾದುದರಿಂದ ಲಾಕಿಯರನು ಆತುರವಿಲ್ಲದೆ ಅಳೆಯಬಲ್ಲವನಾದನು. ಹಳದಿ ಗೆರೆಯು ಸೋಡಿಯಮ್ಮಿನ ಜೋಡಿಯ ಪಕ್ಕದಲ್ಲಿದೆಯೇ ಹೊರತು ಅದರ ಮೇಲಿಲ್ಲ ಎಂದು ಅವನು ನಿಶ್ಚಯಿಸಿದನು. ಸೂರ್ಯಬಿಂಬದ ಸಾಮಾನ್ಯ ವರ್ಣಪಟಲದಲ್ಲಿ ಆ ಸ್ಥಾನದಲ್ಲಿ ಕಪ್ಪು ಗೆರೆಯೂ ಇಲ್ಲ. ಭೂಮಿಯ ಯಾವ ಧಾತುವೂ ಆ ಗೆರೆಯನ್ನು ಕೊಡುವುದಿಲ್ಲ. ಹಾಗಾದರೆ ಇದು ಹೊಸ ಧಾತುವಾಗಿರಬೇಕು. ಗ್ರೀಕ್ ಭಾಷೆಯಲ್ಲಿ ಸೂರ್ಯನಿಗೆ ಹೀಲಿಯಸ್ ಎಂದು ಹೆಸರು. ಅದರಿಂದ ಹೀಲಿಯಂ ಎಂಬ ಹೆಸರು ಹುಟ್ಟಿತು.

ಈ ಸಂದರ್ಭದಲ್ಲಿ ಒಂದು ಜನಶ್ರುತಿಯನ್ನು ತಿದ್ದುವುದು ಅವಶ್ಯ. ನಿಪ್ಪಾಣಿಯಿಂದ ಘಟ್ಟವಿಳಿದರೆ ದೊರೆಯುವ ಕೊಂಕಣದ ವಿಜಯದುರ್ಗ ಕೋಟೆಯಲ್ಲಿ ಕುಳಿತು ಲಾಕಿಯರನು 1868ರಲ್ಲಿ ಹೀಲಿಯಂ ಕಂಡುಹಿಡಿದನೆಂದು ಹಲವರು ಹೇಳುವುದುಂಟು. ಲಾಕಿಯರನು ವಿಜಯದುರ್ಗಕ್ಕೆ ಬಂದುದು ನಿಜ. ಆದರೆ ಅದು 1898ರ ಜನವರಿ 22ರ ಗ್ರಹಣಕ್ಕೆ. 1868ರಲ್ಲಿ ಅವನು ಇಂಗ್ಲೆಂಡಿನಲ್ಲಿಯೇ ಇದ್ದನು. ನಮ್ಮ ಸೀಮೆಯ ಕೀರ್ತಿಗೆ ಇದರಿಂದ ಕೊರತೆಯಿಲ್ಲ. ಜಮಖಂಡಿಯ ಕಿತ್ತಳೆ ಗೆರೆಯೊಂದೇ ಅದಕ್ಕೆ ಸಾಲುತ್ತದೆ.

ಆದರೆ ಹೆಸರಿಟ್ಟ ಮಾತ್ರಕ್ಕೆ ವಸ್ತು ಕೈಗೆ ಬಂದಂತಾಗಲಿಲ್ಲ. ಒಂದೇ ಒಂದು ಗೆರೆಯನ್ನು ನಂಬಿ ಹೊಸ ಧಾತುವನ್ನು ಒಪ್ಪುವುದೆಂತೆಂದು ರಸಾಯನಶಾಸ್ತ್ರಜ್ಞರು ಅನುಮಾನಿಸಿದರು. ಅವರ ಅನುಮಾನವು ಹಟವಲ್ಲ, ವಿವೇಕ. ಏಕೆಂದರೆ 1869ರಲ್ಲಿ ಅಮೆರಿಕದಲ್ಲಿ ಕಂಡ ಗ್ರಹಣದಲ್ಲಿ ಸೂರ್ಯನ ಪ್ರಭಾವಲಯದಿಂದ ಒಂದು ಹಸುರು ಗೆರೆ ಬಂದಿತು. ಅದಕ್ಕೂ ಭೂಮಿಯಲ್ಲಿ ಜೋಡಿ ದೊರೆಯಲಿಲ್ಲ. ಅದನ್ನೂ ಹೊಸ ಧಾತುವೆಂದು ಎಣಿಸಿ ಕೊರೋನಿಯಂ ಎಂದು ಹೆಸರಿಟ್ಟರು. ವಾದಸರಣಿ ಒಂದೇ, ಸಾಕ್ಷ್ಯವೂ ಒಂದೇ ಬಗೆಯದು. ಒಂದು ನಿಜವಾಯಿತು, ಮತ್ತೊಂದು ಸುಳ್ಳಾಯಿತು.

1895ರಲ್ಲಿ ಲಂಡನ್ನಿನ ವಿಲಿಯಂ ರಾಮ್ಸೆ ಎಂಬ ರಸಾಯನಶಾಸ್ತ್ರಜ್ಞನು ಕ್ಲೀವೈಟ್ ಎಂಬ ಯುರೇನಿಯಂ ಖನಿಜವನ್ನು ಆಮ್ಲದಲ್ಲಿ ಕರಗಿಸಿ, ಅದರಿಂದ ಹೊರಟ ಅನಿಲದ ಬೆಳಕನ್ನು ಪರೀಕ್ಷಿಸಿದನು. ಸೋಡಿಯಮ್ಮಿನ ಗೆರೆಯ ಪಕ್ಕದಲ್ಲಿಯೇ, ಅದಕ್ಕೆ ತಾಗದೆ, ಉಜ್ವಲವಾದ ಹಳದಿ ಗೆರೆ ನಿಂತಿತ್ತು. ಇಪ್ಪತ್ತೇಳು ವರ್ಷಗಳ ಹಿಂದೆ ಸೂರ್ಯನಲ್ಲಿ ಕಂಡ ಧಾತು ಭೂಮಿಯ ಕಲ್ಲಿನೊಳಗೆ ಅಡಗಿ ಕುಳಿತಿತ್ತು! ಕಲ್ಲಿನೊಳಗೆ ಅದು ಬಂದುದು ಹೇಗೆಂಬುದು ಬಳಿಕ ತಿಳಿಯಿತು. ಯುರೇನಿಯಂ, ಥೋರಿಯಂ ಮೊದಲಾದ ಭಾರವಾದ ಪರಮಾಣುಗಳು ಒಡೆಯುವಾಗ ಸಿಡಿಯುವ ಆಲ್ಫಾ ಕಣವೇ ಹೀಲಿಯಮ್ಮಿನ ಬೀಜ. ಇಂದು ಭೂಗರ್ಭದಿಂದ ತೆಗೆಯುವ ಹೀಲಿಯಮ್ಮೆಲ್ಲವೂ ಬಹುಮಟ್ಟಿಗೆ ಹೀಗೆ ಕೋಟ್ಯಂತರ ವರ್ಷಗಳಲ್ಲಿ ಶೇಖರವಾದುದೇ.

ಕೊರೋನಿಯಮ್ಮಿನ ಗತಿಯೇನಾಯಿತು? ಅದು ಬಗೆಹರಿಯಲು ಎಪ್ಪತ್ತು ವರ್ಷ ಬೇಕಾಯಿತು. ಅತ್ಯಂತ ಕಾವಿನಲ್ಲಿ ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತವೆಂಬ ಸಿದ್ಧಾಂತಕ್ಕೆ 1920ರಲ್ಲಿ ನಮ್ಮ ದೇಶದ ಮೇಘನಾದ ಸಾಹಾ ಅವರು ಗಣಿತದ ರೂಪ ಕೊಟ್ಟರು. 1940ರ ಸುಮಾರಿಗೆ ಗ್ರೋಟ್ರಿಯನ್, ಎಡ್ಲೆನ್ ಎಂಬವರು ಆ ಹಸುರು ಗೆರೆಯು ಹದಿಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣದ್ದೆಂದು ತೋರಿಸಿದರು. ನಮ್ಮ ನೇಗಿಲ ಗುಳದಲ್ಲಿರುವ ಕಬ್ಬಿಣವೇ ಅದು! ಆದರೆ ಕಬ್ಬಿಣವು ಆ ಸ್ಥಿತಿಗೆ ಬರಬೇಕಾದರೆ ಪ್ರಭಾವಲಯದ ಉಷ್ಣತೆ ಹತ್ತು ಲಕ್ಷ ಡಿಗ್ರಿಗೂ ಮೇಲಿರಬೇಕು. ಸೂರ್ಯನ ಮೇಲ್ಮೈಯ ಉಷ್ಣತೆಯಾದರೋ ಸುಮಾರು 5,500 ಡಿಗ್ರಿ ಮಾತ್ರ. ಒಲೆಯಿಂದ ದೂರ ಹೋದಂತೆ ಸೆಕೆ ಕಡಮೆಯಾಗುವುದು ಲೋಕಾನುಭವ; ಇಲ್ಲಿ ದೂರ ಹೋದಂತೆ ಹೆಚ್ಚುತ್ತದೆ. ಒಂದು ಸುಳ್ಳು ಧಾತುವನ್ನು ಕಳೆದುಕೊಂಡು ವಿಜ್ಞಾನವು ಒಂದು ನಿಜವಾದ ಒಗಟನ್ನು ಪಡೆಯಿತು. ಆ ಒಗಟು ಇಂದಿಗೂ ಪೂರ್ಣವಾಗಿ ಬಿಡಿಸಿಲ್ಲ.

ಹೀಲಿಯಮ್ಮಿನ ಮಹಿಮೆ ಮುಂದೆ ಇನ್ನೂ ದೊಡ್ಡದಾಯಿತು. ಸೂರ್ಯನಲ್ಲಿ ಅತ್ಯಧಿಕವಾಗಿರುವ ಧಾತುಗಳು ಜಲಜನಕ ಮತ್ತು ಹೀಲಿಯಂ ಎಂಬುದಕ್ಕೆ 1925ರಲ್ಲಿ ಸೆಸಿಲಿಯಾ ಪೇನ್ ಎಂಬ ವಿದುಷಿಯು ಆಧಾರ ಒದಗಿಸಿದಳು. ಆಕೆಯ ಲೆಕ್ಕಕ್ಕೆ ಬುನಾದಿಯಾದುದು ಸಾಹಾ ಅವರ ಸೂತ್ರ. 1938ರ ಅನಂತರ ಸೂರ್ಯನ ಒಲೆಯೊಳಗಿನ ವ್ಯಾಪಾರವೂ ಸ್ಪಷ್ಟವಾಯಿತು. ಅಲ್ಲಿ ಪ್ರತಿ ಸೆಕೆಂಡಿಗೂ ಸುಮಾರು ಅರವತ್ತು ಕೋಟಿ ಟನ್ ಜಲಜನಕವು ಹೀಲಿಯಮ್ಮಾಗಿ ಮಾರ್ಪಡುತ್ತದೆ. ಆ ಮಾರ್ಪಾಟಿನಲ್ಲಿ ಸುಮಾರು ನಲವತ್ತು ಲಕ್ಷ ಟನ್ ದ್ರವ್ಯವು ಶಕ್ತಿಯಾಗಿ ಹೊರಬೀಳುತ್ತದೆ. ನಮ್ಮ ಕಬ್ಬು ಸಿಹಿಯಾಗುವುದೂ ಜೋಳ ತೆನೆಗಟ್ಟುವುದೂ ಈ ವ್ಯಾಪಾರದಿಂದಲೇ. ಜಮಖಂಡಿಯಲ್ಲಿ ಕಂಡ ಗೆರೆಯು ಸೂರ್ಯನ ಒಲೆಯ ಬೂದಿಯ ಗುರುತಿಗೆ ಸಮಾನವೆಂದರೆ ಸಲ್ಲುತ್ತದೆ. ಆದರೆ ಸೂರ್ಯನ ಅಂಚಿನಲ್ಲಿರುವ ಹೀಲಿಯಮ್ಮಿನ ಬಹುಭಾಗವು ಅಲ್ಲಿ ಬೆಂದುದಲ್ಲ. ವಿಶ್ವದ ಆರಂಭಕಾಲದಲ್ಲಿಯೇ ಹುಟ್ಟಿ ಸೂರ್ಯನಿಗೆ ಬಳುವಳಿಯಾಗಿ ಬಂದುದು.

ಇನ್ನು ಅಂತರಿಕ್ಷಯಾನದ ಮಾತು. 1908ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ಸ್ ಎಂಬವನು ಹೀಲಿಯಮ್ಮನ್ನು ದ್ರವವಾಗಿಸಿದನು. ಅದು ಕುದಿಯುವುದು ಶೂನ್ಯಕ್ಕಿಂತ 269 ಡಿಗ್ರಿ ಕೆಳಗೆ. ಇಷ್ಟು ತಂಪಾದ ದ್ರವ ಮತ್ತೊಂದಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ದೇಹದ ಒಳಭಾಗವನ್ನು ಚಿತ್ರಿಸುವ ಎಂ.ಆರ್.ಐ. ಯಂತ್ರದ ಅಯಸ್ಕಾಂತವನ್ನು ತಂಪಾಗಿಡುವುದು ಸಾಮಾನ್ಯವಾಗಿ ಈ ದ್ರವವೇ. ಹೀಲಿಯಂ ಯಾವುದರೊಡನೆಯೂ ಸುಲಭವಾಗಿ ಸಂಯೋಗ ಹೊಂದದು, ಉರಿಯದು. ಆದುದರಿಂದ ರಾಕೆಟ್ಟಿನ ದ್ರವ ಇಂಧನವನ್ನು ಟ್ಯಾಂಕಿನಿಂದ ಎಂಜಿನಿಗೆ ಒತ್ತಿ ಕಳುಹಿಸಲು ಅದಕ್ಕಿಂತ ನಂಬಿಕೆಯ ಅನಿಲವಿಲ್ಲ. ನಮ್ಮ ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತದಲ್ಲಿಯೂ ಇಂಧನವನ್ನು ಒತ್ತುವುದು ಹೀಲಿಯಮ್ಮೇ.

ಆ ಪಿ.ಎಸ್.ಎಲ್.ವಿ. ರಾಕೆಟ್ಟೇ 2023ನೆಯ ಸೆಪ್ಟೆಂಬರ್ 2ರಂದು ಶ್ರೀಹರಿಕೋಟೆಯಿಂದ ಆದಿತ್ಯ ಎಲ್-1 ಎಂಬ ನೌಕೆಯನ್ನು ಹೊತ್ತು ಹಾರಿತು. ಸೂರ್ಯನನ್ನು ನೋಡಲು ಭಾರತವು ಕಳುಹಿಸಿದ ಮೊದಲ ಬಾಹ್ಯಾಕಾಶ ವೇಧಶಾಲೆ ಇದು. 2024ರ ಜನವರಿ 6ರಂದು ಅದು ತನ್ನ ಸ್ಥಾನವನ್ನು ಸೇರಿತು. ಆ ಸ್ಥಾನವು ಭೂಮಿಯಿಂದ ಸೂರ್ಯನ ಕಡೆಗೆ ಹದಿನೈದು ಲಕ್ಷ ಕಿಲೋಮೀಟರು ದೂರದಲ್ಲಿದೆ. ಸೂರ್ಯನ ಸೆಳೆತ, ಭೂಮಿಯ ಸೆಳೆತ, ನೌಕೆಯ ಚಲನೆ, ಈ ಮೂರೂ ಅಲ್ಲಿ ಸರಿತೂಗುವುದರಿಂದ ನೌಕೆಯು ಭೂಮಿಯೊಡನೆ ಹೆಜ್ಜೆಯಿಡುತ್ತ ಸೂರ್ಯನನ್ನು ಹಗಲಿರುಳೆನ್ನದೆ ನೋಡಬಹುದು. ಅಲ್ಲಿಗೆ ಶ್ರಾವಣದ ಮೋಡವೂ ಇಲ್ಲ. ಅದರ ಏಳು ಉಪಕರಣಗಳಲ್ಲಿ ಮುಖ್ಯವಾದ ಪ್ರಭಾವಲಯದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ತಮ್ಮ ಆವರಣದಲ್ಲಿ ಸಿದ್ಧಪಡಿಸಿದರು. ಸೂರ್ಯನ ಮೇಲ್ಮೈಯ ಬೆಳಕು ಪ್ರಭಾವಲಯದ ಬೆಳಕಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಪ್ರಖರ. ಈ ಉಪಕರಣವು ಸೂರ್ಯಬಿಂಬದ ಬೆಳಕನ್ನು ತನ್ನೊಳಗೇ ತಡೆದು, ಚಂದ್ರನ ನೆರವಿಲ್ಲದೆ ನಿತ್ಯವೂ ಗ್ರಹಣವನ್ನುಂಟುಮಾಡಿಕೊಳ್ಳುತ್ತದೆ. ಅದು ಹುಡುಕುವ ಬೆಳಕುಗಳಲ್ಲಿ ಒಂದು, ಕೊರೋನಿಯಮ್ಮೆಂದು ತಪ್ಪಾಗಿ ಕರೆಯಲ್ಪಟ್ಟ ಆ ಹಸುರು ಕಬ್ಬಿಣದ ಗೆರೆಯೇ.

ಮತ್ತೊಂದು ವಿನೋದವಾದ ಪ್ರಯೋಗವೂ ನಮ್ಮ ನೆಲದಿಂದಲೇ ಹೊರಟಿತು. 2024ರ ಡಿಸೆಂಬರ್ 5ರಂದು ಪಿ.ಎಸ್.ಎಲ್.ವಿ. ರಾಕೆಟ್ಟು ಯೂರೋಪಿನ ಪ್ರೋಬಾ-3 ಎಂಬ ಉಪಗ್ರಹಗಳ ಜೋಡಿಯನ್ನು ಕಕ್ಷೆಗೆ ಸೇರಿಸಿತು. ಇವೆರಡೂ ಒಂದಕ್ಕೊಂದು ಸುಮಾರು 150 ಮೀಟರು ದೂರದಲ್ಲಿ, ಮಿಲಿಮೀಟರಿನ ಲೆಕ್ಕದಲ್ಲಿ ಸಾಲು ತಪ್ಪದೆ ಹಾರುತ್ತವೆ. ಮುಂದಿನದರಲ್ಲಿ 1.4 ಮೀಟರು ಅಗಲದ ಒಂದು ತಟ್ಟೆ. ಅದರ ನೆರಳು ಹಿಂದಿನದರ ದೂರದರ್ಶಕದ ಮೇಲೆ ಕೆಲವೇ ಸೆಂಟಿಮೀಟರು ಅಗಲವಾಗಿ ಬೀಳುತ್ತದೆ. ಹೀಗೆ ಒಂದೊಂದು ಸುತ್ತಿನಲ್ಲಿ ಆರು ಗಂಟೆಗಳ ಪರ್ಯಂತ ಖಗ್ರಾಸವನ್ನು ಕಾಣಲು ಯೋಜಿಸಲಾಯಿತು; 2025ರ ಜೂನ್ ತಿಂಗಳಲ್ಲಿ ಅದರ ಮೊದಲ ಚಿತ್ರಗಳು ಪ್ರಕಟವಾದುವು. ಹರ್ಷೆಲನಿಗೆ ದೊರೆತುದು ಐದು ನಿಮಿಷ, ಅದರಲ್ಲಿಯೂ ಮೋಡದ ಪಾಲು ಬೇರೆ.

ಇಷ್ಟೆಲ್ಲ ಶ್ರಮವೇಕೆ, ಸೂರ್ಯನು ತನ್ನ ಪಾಡಿಗೆ ತಾನು ಬೆಳಗುತ್ತಿಲ್ಲವೆ, ಎಂದು ಯಾರಾದರೂ ಕೇಳಬಹುದು. ಆ ಪ್ರಭಾವಲಯದಿಂದ ಆಗಾಗ್ಗೆ ಕೋಟ್ಯಂತರ ಟನ್ನುಗಳ ವಿದ್ಯುದಾವಿಷ್ಟ ಅನಿಲವು ಸಿಡಿದು ಭೂಮಿಯ ಕಡೆಗೆ ಬರುತ್ತದೆ. 1989ರ ಮಾರ್ಚ್ ತಿಂಗಳಲ್ಲಿ ಅಂಥ ಒಂದು ಸೌರಚಂಡಮಾರುತದಿಂದ ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ವಿದ್ಯುತ್ತು ಹಲವು ಗಂಟೆಗಳ ಕಾಲ ನಿಂತುಹೋಯಿತು. 2024ರ ಮೇ 10, 11ರ ಚಂಡಮಾರುತದಲ್ಲಿ ಲಡಾಖಿನ ಹಾನ್ಲೆಯ ಆಕಾಶವೂ ಕೆಂಪಗಾಯಿತು. ನಮ್ಮ ಬಾವಿಯ ಪಂಪು, ಕೈಯ ದೂರವಾಣಿ, ಹವಾಮಾನದ ಸೂಚನೆ, ಇವೆಲ್ಲವೂ ಇಂದು ವಿದ್ಯುತ್ ಜಾಲವನ್ನೂ ಉಪಗ್ರಹಗಳನ್ನೂ ಅವಲಂಬಿಸಿವೆ. ಸೂರ್ಯನ ಸ್ವಭಾವವನ್ನು ಮುಂಚಿತವಾಗಿ ಅರಿಯುವುದು ಮಳೆಯ ಸೂಚನೆಯನ್ನು ಅರಿಯುವಷ್ಟೇ ಪ್ರಯೋಜನವುಳ್ಳ ಕಾರ್ಯವಾಗಿದೆ.

ಗ್ರಹಣಕಾಲದಲ್ಲಿ ಬಾಗಿಲು ಮುಚ್ಚಿ ಕುಳಿತು, ಬಿಟ್ಟ ಮೇಲೆ ಸ್ನಾನ ಮಾಡುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ಬಂದಿದೆ. ಅದನ್ನು ಆಚರಿಸುವವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಗ್ರಹಣದ ಗಳಿಗೆಯನ್ನು ಲೆಕ್ಕಹಾಕಿ ಹೇಳಿದ ನಮ್ಮ ಪೂರ್ವಿಕರು ಆಕಾಶವನ್ನು ಕಣ್ಣಿಟ್ಟು ನೋಡಿದವರೇ. ನಾವು ಹೇಳುವುದಿಷ್ಟೆ: ಸ್ನಾನಕ್ಕೆ ಮುಂಚೆ ಐದು ನಿಮಿಷ ಅಂಗಳಕ್ಕೆ ಬನ್ನಿ. 2027ರ ಆಗಸ್ಟ್ 2ರ ಮಧ್ಯಾಹ್ನದ ಮೇಲೆ ಪಶ್ಚಿಮ ಭಾರತದಲ್ಲಿ ಸೂರ್ಯನಿಗೆ ಪಾರ್ಶ್ವಗ್ರಹಣವುಂಟು. ಚಿಕ್ಕೋಡಿ ಸೀಮೆಗೂ ಅದು ಕಾಣತಕ್ಕದ್ದೇ. ಬರಿಗಣ್ಣಿನಿಂದಾಗಲಿ, ಮಸಿ ಹಿಡಿಸಿದ ಗಾಜಿನಿಂದಾಗಲಿ, ಎಕ್ಸ್‌ರೇ ಹಾಳೆಯಿಂದಾಗಲಿ ಸೂರ್ಯನನ್ನು ನೋಡಕೂಡದು, ಕಣ್ಣು ಕೆಡುತ್ತದೆ. ಗ್ರಹಣಕ್ಕೆಂದೇ ಪ್ರಮಾಣೀಕರಿಸಿದ ಕನ್ನಡಕ ಬೇಕು. ಅದು ದೊರೆಯದಿದ್ದರೂ ಚಿಂತೆಯಿಲ್ಲ. ಬೇವಿನ ಮರದ ಕೆಳಗೆ ನಿಂತು ನೆಲವನ್ನು ನೋಡಿರಿ. ಎಲೆಗಳ ಸಂದಿನಿಂದ ಬೀಳುವ ಬಿಸಿಲಿನ ಒಂದೊಂದು ಬೊಟ್ಟೂ ಒಂದೊಂದು ಕೊರೆದ ಸೂರ್ಯನಾಗಿರುತ್ತದೆ.

ಚಂದ್ರನ ಮೇಲೆ 1969ರಲ್ಲಿ ಮಾನವರು ಇಟ್ಟುಬಂದ ಕನ್ನಡಿಗಳಿಂದ ಅಳೆದು ನೋಡಿದಾಗ, ಚಂದ್ರನು ವರ್ಷಕ್ಕೆ ಸುಮಾರು 3.8 ಸೆಂಟಿಮೀಟರು ನಮ್ಮಿಂದ ದೂರ ಸರಿಯುತ್ತಿದ್ದಾನೆಂದು ತಿಳಿದುಬಂದಿದೆ. ಸುಮಾರು ಅರವತ್ತು ಕೋಟಿ ವರ್ಷಗಳ ಬಳಿಕ ಅವನ ಬಿಂಬವು ಸೂರ್ಯನನ್ನು ಮುಚ್ಚಲಾರದಷ್ಟು ಚಿಕ್ಕದಾಗುತ್ತದೆ. ಆಮೇಲೆ ಭೂಮಿಯಲ್ಲಿ ಖಗ್ರಾಸ ಗ್ರಹಣವಿಲ್ಲ. ಎರಡು ಬಿಂಬಗಳು ಸರಿಸಮವಾಗಿರುವ ಈ ಕಾಲದಲ್ಲಿ ಹುಟ್ಟಿ, ಬೆಳಕನ್ನು ಬಿಡಿಸುವ ವಿದ್ಯೆಯನ್ನೂ ಪಡೆದಿರುವುದು ನಮ್ಮ ಭಾಗ್ಯ. ಆ ಭಾಗ್ಯಕ್ಕೆ ತಕ್ಕಂತೆ ನಡೆಯುವುದೆಂದರೆ ನೋಡುವುದು, ಅಳೆಯುವುದು, ಅಳತೆಯ ಎಲ್ಲೆಯನ್ನು ಮುಚ್ಚಿಡದೆ ಹೇಳುವುದು. ಜಮಖಂಡಿಯ ಬಿಡಾರದಲ್ಲಿ ಬರೆದಿಟ್ಟ ಕಿತ್ತಳೆ ಗೆರೆಯ ಟಿಪ್ಪಣಿಯು ನಮಗೆ ಕಲಿಸುವ ಪಾಠ ಇದೇ.